ಭಯಂಕರ ಜಾಣ: ‘ದೆಯ್ನೊಸ್’ ಎಂಬ ಗ್ರೀಕ್ ಪದದ ಸುತ್ತ

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಬಗ್ಗೆ ಒಂದು ಗಂಟೆ ಮಾತಾಡುತ್ತೇನೆ ಎಂದಾಗ ಇಲ್ಲಿಯ ಗೆಳೆಯರು ಸ್ವಲ್ಪ ಅನುಮಾನದಿಂದಲೇ ಒಪ್ಪಿದರು. ಅದೂ ಗ್ರೀಕ್ ಪದ. ಗ್ರೀಕ್ ಎಂದ ಕೂಡಲೇ ಆ ಹಳೆಯ ಪ್ರಹಸನದಲ್ಲಿ ಕನ್ನಡದ ಮಾತು ಇದೆಯಂತಲ್ಲ, ಅದನ್ನು ಹೇಳಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇವತ್ತು ಅದರ ಸುದ್ದಿ ಇಲ್ಲ. ಕ್ಷಮಿಸಿ.

ಪದ ಇದು: ದೆಯ್ನೊಸ್. ನಾಟಕಕಾರ ಸೊಫೊಕ್ಲೀಸನ ಕಾಲದ ಅಥೆನ್ಸಿನಲ್ಲಿ ಇದು ‘ದೇನೊಸ್’ ಎಂಬ ಹಾಗೆ ಕೇಳುತ್ತಿತ್ತು. ಈಗಿನ ಗ್ರೀಸಿನಲ್ಲಿ ‘ದಿನೋಸ್’ ಎನ್ನುತ್ತಾರೆ. ನಾವು ಬರಹದಲ್ಲಿ ಕಾಣುವ ಹಾಗೆ ದೆಯ್ನೊಸ್ ಎಂದೇ ಇಟ್ಟುಕೊಳ್ಳೋಣ. ಇದು ಗುಣವಾಚಕ. ನಮ್ಮ ಗುಣವಾಚಕಗಳು ಪಾಪದವು. ದೊಡ್ಡ ಮರ, ದೊಡ್ಡ ಮನುಷ್ಯ, ದೊಡ್ಡ ಹೆಂಗಸು. ‘ದೊಡ್ಡ’ ಕೂತಲ್ಲಿಂದ ಅಲ್ಲಾಡುವುದಿಲ್ಲ. ಗ್ರೀಕಿನಲ್ಲಿ ಹಾಗಲ್ಲ. ಗಂಡಸಾದರೆ ದೆಯ್ನೊಸ್, ಹೆಂಗಸಾದರೆ ದೆಯ್ನೇ, ವಸ್ತುವಾದರೆ ದೆಯ್ನೊನ್. ಬಹುವಚನದಲ್ಲಿ ‘ತಾ ದೆಯ್ನಾ’ ಎಂದರೆ ದೆಯ್ನೊಸ್ ಆದವೆಲ್ಲ. ವ್ಯಾಕರಣ ಇಷ್ಟು ಸಾಕು. ಈ ‘ತಾ ದೆಯ್ನಾ’ ಮಾತ್ರ ಆಮೇಲೆ ಬೇಕಾಗುತ್ತದೆ, ನೆನಪಿಡಿ.

ನಾನು ಗ್ರೀಕ್ ಕಲಿಯಲು ಶುರು ಮಾಡಿದ ಹೊಸತರಲ್ಲಿ ಈ ಪದಕ್ಕೆ ಪುಸ್ತಕದ ಅಂಚಿನಲ್ಲಿ ‘ಭಯಾನಕ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೆ. ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ಇಲಿಯಡ್ ಕಾವ್ಯದ ಮೊದಲ ಭಾಗದಲ್ಲೇ ಬರುತ್ತದೆ. ಅಪೊಲೊ ದೇವರು ಸಿಟ್ಟಿನಿಂದ ಬೆಟ್ಟ ಇಳಿದು ಬಂದು ಗ್ರೀಕರ ದಂಡಿನ ಮೇಲೆ ಬಾಣ ಬಿಡುತ್ತಾನೆ. ಬಾಣ ಎಂದರೆ ಇಲ್ಲಿ ಪಿಡುಗು. ಬೆಳ್ಳಿಯ ಬಿಲ್ಲಿನಿಂದ ದೆಯ್ನೇ ಸದ್ದು ಎದ್ದಿತು ಎನ್ನುತ್ತಾನೆ ಹೋಮರ್. ಭಯಾನಕ ಸದ್ದು. ಸರಿಯಾಗಿ ಕೂತಿತು. ಖುಷಿಯಾಯಿತು.

ಮೂರನೆಯ ಭಾಗಕ್ಕೆ ಬಂದಾಗ ಆ ಪೆನ್ಸಿಲ್ ಬರಹವನ್ನು ಅಳಿಸಬೇಕಾಯಿತು.

ಅಲ್ಲಿ ಏನಾಗುತ್ತದೆ ಎಂದರೆ, ಯುದ್ಧ ಸ್ವಲ್ಪ ನಿಂತಿದೆ. ಟ್ರಾಯ್ ಕೋಟೆಯ ಗೋಡೆಯ ಮೇಲೆ ಮುದುಕ ದೊರೆ ಪ್ರಿಯಮ್ ಊರಿನ ಹಿರಿಯರ ಜೊತೆ ಕೂತಿದ್ದಾನೆ. ಅವನ ಸೊಸೆ ಹೆಲೆನ್ ಬರುತ್ತಾಳೆ. ಈ ಯುದ್ಧಕ್ಕೆಲ್ಲ ಕಾರಣ ಅವಳೇ ಎಂದು ಊರೇ ಆಡಿಕೊಳ್ಳುತ್ತಿದೆ. ಪ್ರಿಯಮ್ ಮಾತ್ರ ಅವಳನ್ನು ಕರೆದು ಹತ್ತಿರ ಕೂರಿಸಿಕೊಳ್ಳುತ್ತಾನೆ. ನಿನ್ನ ತಪ್ಪೇನಿಲ್ಲಮ್ಮ, ಇದೆಲ್ಲ ದೇವರುಗಳ ಕೆಲಸ ಎನ್ನುತ್ತಾನೆ. ಕೆಳಗೆ ನಿಂತಿರುವ ಆ ಎತ್ತರದ ಆಳು ಯಾರು, ಹೇಳು ಎಂದು ಕೇಳುತ್ತಾನೆ. ಆಗ ಅವಳು ಕೊಡುವ ಉತ್ತರದ ಮೊದಲ ಸಾಲು: ಪ್ರೀತಿಯ ಮಾವ, ನೀವು ನನಗೆ ಗೌರವದವರು, ದೆಯ್ನೊಸ್ ಕೂಡ.

ಭಯಾನಕ ಮಾವ? ತನ್ನನ್ನು ಬೈಯದ ಒಬ್ಬನೇ ಒಬ್ಬ ಹಿರಿಯನನ್ನು ಸೊಸೆ ಹೀಗೆ ಕರೆಯುತ್ತಾಳೆಯೇ? ಇಲ್ಲಿ ನನಗೆ ನೆರವಾದದ್ದು ನಿಘಂಟಲ್ಲ, ನಮ್ಮ ಅಜ್ಜಿ. ಅವರು ತಮ್ಮ ಮಾವನ ಬಗ್ಗೆ ಮಾತಾಡುವಾಗ ‘ಅವರು ಬಂದರೆ ನಿಂತುಬಿಡ್ತಿದ್ವಿ’ ಎನ್ನುತ್ತಿದ್ದರು. ಹೊಡೆಯುತ್ತಿದ್ದರು ಎಂದಲ್ಲ. ಒಂದು ಮಾತೂ ಗಟ್ಟಿಯಾಗಿ ಆಡಿದವರಲ್ಲವಂತೆ. ಆದರೂ ನಿಂತುಬಿಡುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ಭಯಭಕ್ತಿ ಎಂಬ ಜೋಡು ಮಾತಿದೆ. ಎರಡು ಪದ ಸೇರಿಸಿ ನಾವು ಹೇಳುವುದನ್ನು ಹೆಲೆನ್ ಒಂದರಲ್ಲಿ ಮುಗಿಸುತ್ತಾಳೆ.

ಈ ಸಾಲಿನಲ್ಲಿ ಇನ್ನೊಂದು ಸೊಗಸಿದೆ. ಲಘು ಗುರು ಎಣಿಸಿ ಗೊತ್ತಿರುವ ಕನ್ನಡದವರಿಗೆ ಅದು ಬೇರೆಯವರಿಗಿಂತ ಬೇಗ ಹಿಡಿಸುತ್ತದೆ. ಹೋಮರನ ಸಾಲುಗಳೂ ಲಘು ಗುರುಗಳ ಲೆಕ್ಕದ ಮೇಲೆಯೇ ನಿಂತಿವೆ. ಸಾಲಿನ ಕೊನೆಗೆ ಬರುವ ಮಾತು ‘ಫಿಲೆ ಹೆಕುರೆ ದೆಯ್ನೊಸ್ ತೆ’. ಪ್ರೀತಿಯ ಮಾವ, ದೆಯ್ನೊಸ್ ಕೂಡ. ಲೆಕ್ಕ ಹಾಕಿದರೆ ‘ಫಿಲೆ’ಯ ‘ಲೆ’ ಗುರು ಆಗಬೇಕು. ‘ಹೆಕುರೆ’ಯ ‘ರೆ’ ಕೂಡ ಗುರು ಆಗಬೇಕು. ಆದರೆ ಕಣ್ಣಿಗೆ ಎರಡೂ ಲಘು. ಹೋಮರ್ ಎರಡು ಕಡೆ ಎಡವಿದನೇ?

ಎಡವಿಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅಷ್ಟೇ ವಿಷಯ. ಈ ಸಾಲು ಹುಟ್ಟಿದ ಕಾಲಕ್ಕೆ ಹೆಕುರೆ ಎಂಬುದು ‘ಸ್ವೆಕುರೆ’ ಆಗಿತ್ತು. ದೆಯ್ನೊಸ್ ಎಂಬುದು ‘ದ್ವೆಯ್ನೊಸ್’ ಆಗಿತ್ತು. ಆ ವಕಾರ ಆಮೇಲೆ ಬಾಯಿಂದ ಬಿದ್ದುಹೋಯಿತು. ಛಂದಸ್ಸಿನಲ್ಲಿ ಅದರ ಜಾಗ ಮಾತ್ರ ಖಾಲಿ ಉಳಿಯಿತು, ಹಲ್ಲು ಬಿದ್ದ ಬಾಯಿಯ ಹಾಗೆ. ಸ್ವೆಕುರೆ ಎಂದ ಕೂಡಲೇ ನಿಮಗೆ ಏನಾದರೂ ಕೇಳಿಸಿತೇ? ಹೌದು, ಸಂಸ್ಕೃತದ ಶ್ವಶುರ. ಎರಡೂ ಒಂದೇ ಮನೆಯವು.

ದ್ವೆಯ್ನೊಸ್‌ನ ವಕಾರ ಬರೀ ಊಹೆ ಎಂದುಕೊಳ್ಳಬೇಡಿ. ಕೊರಿಂತ್ ಕಡೆಯ ಒಂದು ಸಮಾಧಿಗಲ್ಲಿನ ಮೇಲೆ ಅದನ್ನು ಕೆತ್ತಿಯೇ ಇಟ್ಟಿದ್ದಾರೆ. ಕ್ರಿ.ಪೂ. 650ರ ಸುಮಾರಿನದು. ಕಲ್ಲಿನ ಮೇಲೆ ಇರುವುದು ಒಂದೇ ಸಾಲು: ಇದು ದ್ವೇನಿಯಾಸನ ಗುರುತು, ನಾಚಿಕೆಯಿಲ್ಲದ ಕಡಲು ಅವನನ್ನು ಕೊಂದಿತು. ಹೆಸರಿನಲ್ಲಿ ದಕಾರದ ಪಕ್ಕ, ಇಂಗ್ಲಿಷಿನ ಎಫ್ ಹಾಗೆ ಕಾಣುವ ಆ ಹಳೆಯ ವಕಾರದ ಅಕ್ಷರ ನಿಂತಿದೆ. ಭಾಷಾಶಾಸ್ತ್ರದವರಿಗೆ ಈ ಕಲ್ಲು ವಕಾರಕ್ಕಾಗಿ ಬೇಕು. ನನಗೆ ಆ ‘ನಾಚಿಕೆಯಿಲ್ಲದ ಕಡಲು’ ಎಂಬ ಮಾತು ಬಿಟ್ಟುಹೋಗುವುದೇ ಇಲ್ಲ. ಎಷ್ಟು ಸಿಟ್ಟಿದೆ ಅದರಲ್ಲಿ.

ಆ ಹುಡುಗನಿಗೆ ಅಪ್ಪ ಅಮ್ಮ ಇಟ್ಟ ಹೆಸರು ದೆಯ್ನೊಸ್‌ನಿಂದ ಬಂದದ್ದು. ಇಂಥ ಹೆಸರುಗಳು ಗ್ರೀಕರಲ್ಲಿ ಇನ್ನೂ ಇದ್ದವು. ಅಲೆಕ್ಸಾಂಡ್ರಿಯ ಊರಿನ ನಕ್ಷೆ ಹಾಕಿದವನು ದೆಯ್ನೊಕ್ರಾತೀಸ್. ಮಗುವಿಗೆ ಯಾರಾದರೂ ಭಯಾನಕ ಎಂದು ಹೆಸರಿಡುತ್ತಾರೆಯೇ ಎನ್ನಬೇಡಿ. ನಾವು ಭೀಮ ಎಂದು ಇಡುವುದಿಲ್ಲವೇ? ಭೀಮ ಎಂದರೆ ಅಕ್ಷರಶಃ ಹೆದರಿಸುವವನು. ಭೀಷ್ಮನೂ ಅದೇ. ಉತ್ತರ ಕರ್ನಾಟಕದಲ್ಲಿ ಭೀಮಪ್ಪ, ಭೀಮಣ್ಣ, ಭೀಮವ್ವ ಬೀದಿಗೊಬ್ಬರು ಸಿಗುತ್ತಾರೆ. ಯಾರೂ ಅವರನ್ನು ಕಂಡು ಓಡುವುದಿಲ್ಲ.

ಬೇರಿನ ವಿಷಯ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದ್ವೆಯ್ ಎಂಬ ಬೇರಿಗೆ ಅರ್ಥ ಹೆದರುವುದು. ಸಂಸ್ಕೃತದ ದ್ವೇಷವೂ ಇದೇ ಬೇರಿನದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಇದು ‘ದ್ವಿ’ಗೆ, ಅಂದರೆ ಎರಡು ಎಂಬುದಕ್ಕೆ ಸೇರಿದ್ದು ಎನ್ನುತ್ತಾರೆ. ಹೆದರಿಕೆ ಎಂದರೆ ಮನಸ್ಸು ಎರಡಾಗುವುದು. ಇದು ಊಹೆ. ನಾನು ಇದರ ಮೇಲೆ ಮನೆ ಕಟ್ಟುವುದಿಲ್ಲ. ಆದರೆ ಕಿಸೆಯಲ್ಲಿ ಇಟ್ಟುಕೊಂಡಿರಿ.

ಹೋಮರನಲ್ಲಿ ದೆಯ್ನೊಸ್ ಆಗುವವರ ಪಟ್ಟಿ ದೊಡ್ಡದು. ಒಡಿಸ್ಸಿಯ ಕಿರ್ಕೆ ನಿಮಗೆ ಗೊತ್ತು, ಬಂದವರನ್ನು ಹಂದಿ ಮಾಡುವವಳು. ಅವಳಿಗೆ ಹೋಮರ್ ಕೊಡುವ ಬಿರುದು ‘ಮನುಷ್ಯರ ದನಿಯಲ್ಲಿ ಮಾತಾಡುವ ದೆಯ್ನೇ ದೇವಿ’. ಅವಳು ಮಗ್ಗದ ಮುಂದೆ ಇಂಪಾಗಿ ಹಾಡುತ್ತಾ ನೇಯುತ್ತಿರುತ್ತಾಳೆ. ಆ ಹಾಡಿಗೇ ಜನ ಒಳಗೆ ಹೋಗುವುದು. ಒಡಿಸ್ಯೂಸ್‌ನನ್ನು ಏಳು ವರ್ಷ ಹಿಡಿದಿಟ್ಟುಕೊಂಡ ಕಲಿಪ್ಸೋ ಕೂಡ ದೆಯ್ನೇ ದೇವಿಯೇ. ಚೆಲುವೆ, ಸುಂದರ ಜಡೆಯವಳು ಎಂದು ಹೇಳಿದ ಬಾಯಲ್ಲೇ ದೆಯ್ನೇ ಎನ್ನುತ್ತಾನೆ. ಅಳತೆಗೆ ಸಿಗದ ಒಂದು ಶಕ್ತಿ ಎದುರಿಗೆ ಬಂದಾಗ ನಮಗೆ ಮೈಯೆಲ್ಲ ಒಂಥರಾ ಆಗುತ್ತದಲ್ಲ, ಆ ಪದ ಅದಕ್ಕೆ ಹುಟ್ಟಿದ್ದು ಎಂದು ನನಗನ್ನಿಸುತ್ತದೆ. ಓಡಬೇಕೋ ಕೈಮುಗಿಯಬೇಕೋ ಎಂಬುದನ್ನು ಆ ಪದ ತೀರ್ಮಾನ ಮಾಡಿಕೊಡುವುದಿಲ್ಲ.

ಈಗ ಮುನ್ನೂರು ವರ್ಷ ದಾಟಿ ಅಥೆನ್ಸಿಗೆ ಬರೋಣ. ಊರು ಬದಲಾಗಿದೆ. ಜನರೇ ಸಭೆ ಸೇರಿ ತೀರ್ಮಾನ ಮಾಡುತ್ತಾರೆ. ಕೋರ್ಟಿನಲ್ಲಿ ವಕೀಲರಿಲ್ಲ. ತಮ್ಮ ಕೇಸನ್ನು ತಾವೇ ನಿಂತು ವಾದಿಸಬೇಕು. ಎದುರಿಗೆ ಐನೂರು ಜನ ಕೂತಿರುತ್ತಾರೆ. ಇಂಥ ಊರಿನಲ್ಲಿ ಎಲ್ಲಕ್ಕಿಂತ ಹೆದರಿಸುವ ಶಕ್ತಿ ಯಾವುದು? ನಾಲಿಗೆ. ಹಾಗಾಗಿ ‘ದೆಯ್ನೊಸ್ ಲೆಗೆಯ್ನ್’ ಎಂಬ ಬಳಕೆ ಬಂತು. ಮಾತಾಡುವುದರಲ್ಲಿ ದೆಯ್ನೊಸ್. ಭಯಂಕರ ಮಾತುಗಾರ ಎಂದು ನಾವು ಹೇಳುವ ಹಾಗೆ. ಅದರಿಂದ ಜಾಣ, ಪಳಗಿದವನು, ಗಟ್ಟಿಗ ಎಂಬ ಅರ್ಥವೇ ನಿಂತಿತು. ಇವತ್ತಿಗೂ ಗ್ರೀಸಿನಲ್ಲಿ ಚೆನ್ನಾಗಿ ಈಜುವವನನ್ನು ದಿನೋಸ್ ಈಜುಗಾರ ಎನ್ನುತ್ತಾರೆ. ‘ತಾ ದಿನಾ’ ಎಂದರೆ ಮಾತ್ರ ಕಷ್ಟಕೋಟಲೆ. ಎರಡೂ ಉಳಿದುಕೊಂಡಿವೆ.

ನಿಘಂಟುಗಳು ಇದನ್ನು ಒಂದು, ಎರಡು, ಮೂರು ಎಂದು ನಂಬರ್ ಹಾಕಿ ಬೇರೆ ಬೇರೆ ಮಾಡುತ್ತವೆ. ಒಂದು, ಭಯಂಕರ. ಎರಡು, ಬಲಶಾಲಿ. ಮೂರು, ಜಾಣ. ನಿಘಂಟಿಗೆ ಅದು ಅನಿವಾರ್ಯ, ತಪ್ಪು ಎನ್ನಲ್ಲ. ಆದರೆ ಅಥೆನ್ಸಿನ ಬೀದಿಯ ಮನುಷ್ಯನ ಕಿವಿಯಲ್ಲಿ ಮೂರನೆಯದು ಬಂದಾಗ ಮೊದಲನೆಯದು ಎದ್ದು ಹೊರಗೆ ಹೋಗುತ್ತಿರಲಿಲ್ಲ. ಅದಕ್ಕೆ ಸಾಕ್ಷಿ ಆಂಟಿಫೋನ್ ಎಂಬವನು. ಇತಿಹಾಸಕಾರ ಥುಸಿಡಿಡೀಸ್ ಅವನ ಬಗ್ಗೆ ಬರೆಯುತ್ತಾನೆ. ಆಂಟಿಫೋನ್ ಸಭೆಗೆ ಬಂದು ಮಾತಾಡುತ್ತಿರಲಿಲ್ಲ. ಕೋರ್ಟಿಗೆ ಹೋಗಬೇಕಾದವರು ಬಂದು ಕೇಳಿದರೆ ಸಹಾಯ ಮಾಡುತ್ತಿದ್ದ. ಅವನು ದೆಯ್ನೊಸ್ ಎಂಬ ಹೆಸರಿದ್ದದ್ದರಿಂದಲೇ ಜನಕ್ಕೆ ಅವನ ಮೇಲೆ ಅನುಮಾನವಂತೆ. ಹೊಗಳಿಕೆಯೇ ಗುಮಾನಿ! ಕ್ರಿ.ಪೂ. 411ರಲ್ಲಿ ನಾನೂರು ಜನ ಸೇರಿ ಜನರ ಆಡಳಿತವನ್ನು ಕಿತ್ತುಹಾಕಿದರಲ್ಲ, ಅದರ ಹಿಂದಿನ ತಲೆ ಇವನದೇ. ಅದು ಮುರಿದುಬಿದ್ದ ಮೇಲೆ ಇವನ ಮೇಲೆ ವಿಚಾರಣೆ ಆಯಿತು. ಜೀವ ಉಳಿಸಿಕೊಳ್ಳಲು ಅಂಥ ಒಳ್ಳೆಯ ಭಾಷಣವನ್ನು ತನ್ನ ಕಾಲದವರೆಗೆ ಯಾರೂ ಮಾಡಿರಲಿಲ್ಲ ಎಂದು ಥುಸಿಡಿಡೀಸ್ ಹೇಳುತ್ತಾನೆ. ಭಾಷಣ ಮುಗಿಯಿತು. ಮರಣದಂಡನೆ ಆಯಿತು.

ಹನ್ನೆರಡು ವರ್ಷದ ನಂತರ, ಕ್ರಿ.ಪೂ. 399ರಲ್ಲಿ, ಅದೇ ಊರಿನಲ್ಲಿ ಎಪ್ಪತ್ತು ವರ್ಷದ ಸಾಕ್ರೆಟಿಸ್ ಕಟಕಟೆಯಲ್ಲಿ ನಿಂತ. ಪ್ಲೇಟೊ ಬರೆದ ಪ್ರಕಾರ ಅವನ ಭಾಷಣ ಶುರುವಾಗುವುದೇ ನಮ್ಮ ಪದದಿಂದ. ನಾನು ದೆಯ್ನೊಸ್ ಲೆಗೆಯ್ನ್, ನನ್ನಿಂದ ಮೋಸ ಹೋಗಬೇಡಿ ಎಂದು ನನ್ನ ಮೇಲೆ ದೂರು ಕೊಟ್ಟವರು ನಿಮಗೆ ಎಚ್ಚರಿಸಿದ್ದಾರೆ. ಅವರು ಹೇಳಿದ ಸುಳ್ಳುಗಳಲ್ಲೆಲ್ಲ ನನಗೆ ಬೆರಗಾದದ್ದು ಇದೇ. ನಿಜ ಹೇಳುವವನನ್ನು ದೆಯ್ನೊಸ್ ಎನ್ನುವುದಾದರೆ ಸರಿ, ಒಪ್ಪುತ್ತೇನೆ. ಇದು ಸುಮ್ನೆ ಮಾತಿನ ಚಮತ್ಕಾರ ಅಲ್ಲ. ಆಂಟಿಫೋನ್‌ನ ಕಥೆ ಗೊತ್ತಿದ್ದವರ ಮುಂದೆ ಆಡುತ್ತಿರುವ ಮಾತು. ಆ ಪಟ್ಟ ಕಟ್ಟಿಸಿಕೊಂಡರೆ ಜೀವಕ್ಕೇ ಕುತ್ತು ಎಂದು ಅವನಿಗೆ ಗೊತ್ತಿದೆ. ಇನ್ನೂ ತಮಾಷೆ ಎಂದರೆ ಅದೇ ಭಾಷಣದ ನಡುವೆ ಅವನು ಅದೇ ಪದವನ್ನು ಬೇರೆ ದಿಕ್ಕಿಗೆ ತಿರುಗಿಸುತ್ತಾನೆ. ಪೊತಿದೈಯಾ, ಆಂಫಿಪೊಲಿಸ್, ದೇಲಿಯಮ್ ಯುದ್ಧಗಳಲ್ಲಿ ಸೇನಾಪತಿಗಳು ನಿಲ್ಲಿಸಿದ ಜಾಗದಲ್ಲಿ ನಿಂತೆ. ಈಗ ದೇವರು ನಿಲ್ಲಿಸಿದ ಜಾಗ ಬಿಟ್ಟು ಓಡಿದರೆ ನಾನು ಮಾಡುವುದು ದೆಯ್ನಾ ಆಗುತ್ತದೆ. ಇಲ್ಲಿ ಅರ್ಥ ಘೋರ ತಪ್ಪು.

ಇದೇ ಪ್ಲೇಟೊನ ಇನ್ನೊಂದು ಪುಸ್ತಕದಲ್ಲಿ, ‘ಪ್ರೊತಾಗೊರಸ್’ನಲ್ಲಿ, ನನಗೆ ಬಹಳ ಇಷ್ಟವಾದ ಒಂದು ತುಣುಕಿದೆ. ಪ್ರೊದಿಕಸ್ ಎಂಬ ಪಂಡಿತ. ಹತ್ತಿರ ಹತ್ತಿರದ ಅರ್ಥವಿರುವ ಪದಗಳನ್ನು ಬಿಡಿಸಿ ಹೇಳುವುದೇ ಅವನ ಕೆಲಸ. ಅಂಥವರು ಪ್ರತಿ ಊರಿನಲ್ಲೂ ಇರುತ್ತಾರೆ, ನಮ್ಮ ಪತ್ರಿಕೆಗಳ ವಾಚಕರ ವಾಣಿಯಲ್ಲಿ ಸಿಗುತ್ತಾರಲ್ಲ, ಹಾಗೆ. ಸಾಕ್ರೆಟಿಸ್ ಹೇಳುತ್ತಾನೆ: ಯಾರನ್ನಾದರೂ ಹೊಗಳಲು ‘ಎಂಥ ದೆಯ್ನೊಸ್ ಜಾಣ’ ಎಂದರೆ ಸಾಕು, ಪ್ರೊದಿಕಸ್ ನನಗೆ ಗದರುತ್ತಾನೆ. ಒಳ್ಳೆಯದನ್ನು ದೆಯ್ನೊಸ್ ಎನ್ನಲು ನಾಚಿಕೆಯಾಗುವುದಿಲ್ಲವೇ ಎನ್ನುತ್ತಾನೆ. ದೆಯ್ನೊಸ್ ಸಿರಿತನ ಎಂದು ಯಾರಾದರೂ ಅನ್ನುತ್ತಾರೆಯೇ? ದೆಯ್ನೊಸ್ ನೆಮ್ಮದಿ? ದೆಯ್ನೊಸ್ ಆರೋಗ್ಯ? ಇಲ್ಲ. ದೆಯ್ನೊಸ್ ಕಾಯಿಲೆ, ದೆಯ್ನೊಸ್ ಯುದ್ಧ, ದೆಯ್ನೊಸ್ ಬಡತನ ಎನ್ನುತ್ತಾರೆ.

ಮೊನ್ನೆ ಒಂದು ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತ ಹುಡುಗ ‘ಹೋಳಿಗೆ ಭಯಂಕರ ಚೆನ್ನಾಗಿದೆ’ ಎಂದ. ಎದುರಿಗಿದ್ದ ಮೇಷ್ಟ್ರೊಬ್ಬರು, ಚೆನ್ನಾಗಿರೋದು ಹೇಗಪ್ಪಾ ಭಯಂಕರ ಆಗುತ್ತೆ ಎಂದರು. ಎರಡು ಸಾವಿರದ ನಾನೂರು ವರ್ಷ ಹಳೆಯ ಜಗಳ ಬಾಳೆ ಎಲೆಯ ಮುಂದೆ ನಡೆಯುತ್ತಿತ್ತು. ನನ್ನ ಓಟು ಹುಡುಗನಿಗೆ. ಪದ ಎಲ್ಲಿಂದ ಬಂತು ಎಂಬುದರಲ್ಲಿ ಪ್ರೊದಿಕಸ್ ಹೇಳಿದ್ದು ಸರಿ. ಅದು ಎಲ್ಲಿಗೆ ಹೋಗಬೇಕು ಎಂದು ಹೇಳುವ ಹಕ್ಕು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಅರಿಸ್ಟಾಟಲ್ ಈ ವಿಷಯದಲ್ಲಿ ಬಹಳ ತಣ್ಣಗಿನ ಮನುಷ್ಯ. ಅವನು ದೆಯ್ನೊತೇಸ್ ಎಂಬ ನಾಮಪದ ತೆಗೆದುಕೊಂಡು, ಇದು ಒಂದು ಶಕ್ತಿ, ಅಷ್ಟೇ ಎನ್ನುತ್ತಾನೆ. ಮುಂದಿಟ್ಟ ಗುರಿಯನ್ನು ಮುಟ್ಟುವ ದಾರಿ ಹುಡುಕುವ ಶಕ್ತಿ. ಗುರಿ ಒಳ್ಳೆಯದಾದರೆ ಮೆಚ್ಚಬೇಕು. ಕೆಟ್ಟದಾದರೆ ಅದೇ ಶಕ್ತಿ ಕಿತಾಪತಿ. ಸರಿಯಾಗಿಯೇ ಇದೆ. ಆದರೆ ಇಲ್ಲಿ ಮೈ ಜುಮ್ಮೆನ್ನುವುದು ಹೋಗಿಬಿಟ್ಟಿತು ನೋಡಿ.

ಅದು ಪೂರ್ತಿಯಾಗಿ ಸಿಗುವುದು ಸೊಫೊಕ್ಲೀಸನಲ್ಲಿ. ಕ್ರಿ.ಪೂ. 441ರ ಸುಮಾರಿಗೆ ಆಡಿದ ‘ಆಂಟಿಗೊನೆ’ ನಾಟಕ. ಕಥೆ ಬಹಳ ಜನಕ್ಕೆ ಗೊತ್ತು. ಅಣ್ಣತಮ್ಮಂದಿರು ಹೊಡೆದಾಡಿ ಇಬ್ಬರೂ ಸತ್ತಿದ್ದಾರೆ. ಊರಿನ ಮೇಲೆ ದಂಡೆತ್ತಿ ಬಂದವನ ಹೆಣವನ್ನು ಯಾರೂ ಮಣ್ಣು ಮಾಡಕೂಡದು ಎಂದು ದೊರೆ ಕ್ರೆಯೊನ್ ಸಾರಿದ್ದಾನೆ. ತಂಗಿ ಆಂಟಿಗೊನೆ ಮಾಡಿಯೇ ಮಾಡುತ್ತೇನೆ ಎನ್ನುತ್ತಾಳೆ. ಹೆಣದ ಮೇಲೆ ಯಾರೋ ಮಣ್ಣು ಹಾಕಿದ್ದಾರೆ ಎಂದು ಕಾವಲುಗಾರ ಬಂದು ಹೇಳುತ್ತಾನೆ. ಯಾರು ಎಂದು ಗೊತ್ತಿಲ್ಲ. ಕ್ರೆಯೊನ್ ಕಿರುಚಾಡುತ್ತಾನೆ. ವೇದಿಕೆ ಖಾಲಿಯಾಗುತ್ತದೆ. ಆಗ ಊರಿನ ಮುದುಕರ ಮೇಳ ಹಾಡುವ ಹಾಡಿನ ಮೊದಲ ಸಾಲು ಇದು. ‘ಪೊಲ್ಲಾ ತಾ ದೆಯ್ನಾ’. ದೆಯ್ನೊಸ್ ಆದವು ಬಹಳ ಇವೆ. ಮನುಷ್ಯನಿಗಿಂತ ಹೆಚ್ಚು ದೆಯ್ನೊಸ್ ಆದದ್ದು ಯಾವುದೂ ಇಲ್ಲ.

ಆಮೇಲೆ ಒಂದೊಂದಾಗಿ ಹೇಳುತ್ತಾರೆ. ಚಳಿಗಾಲದ ಬಿರುಗಾಳಿಯಲ್ಲಿ ಅಲೆಗಳ ನಡುವೆ ಕಡಲು ದಾಟುತ್ತಾನೆ. ದೇವರುಗಳಲ್ಲೆಲ್ಲ ಹಿರಿಯಳಾದ, ದಣಿವಿಲ್ಲದ ಭೂಮಿಯನ್ನು ವರ್ಷ ವರ್ಷ ನೇಗಿಲು ಹೊಡೆದು ಸವೆಸುತ್ತಾನೆ. ಹಕ್ಕಿಗೆ ಬಲೆ, ಮೀನಿಗೆ ಬಲೆ. ಕುದುರೆಯ ಕತ್ತಿಗೆ, ಬೆಟ್ಟದ ಗೂಳಿಯ ಕತ್ತಿಗೆ ನೊಗ. ಮಾತು ಕಲಿತ, ಗಾಳಿಯಂಥ ಯೋಚನೆ ಕಲಿತ, ಊರು ಕಟ್ಟಿ ಬಾಳುವುದನ್ನು ಕಲಿತ. ಮಳೆ ಚಳಿಗೆ ಸೂರು ಮಾಡಿಕೊಂಡ. ವಾಸಿಯಾಗದ ಕಾಯಿಲೆಗೂ ಮದ್ದು ಕಂಡುಕೊಂಡ. ಸಾವಿಗೊಂದೇ ದಾರಿ ಕಾಣಲಿಲ್ಲ.

ಇದನ್ನು ಬಿಡಿಯಾಗಿ ಓದಿದರೆ ಮನುಷ್ಯನ ಜಯಕಾರದ ಹಾಗೆ ಕಾಣುತ್ತದೆ. ಹಾಗಾಗಿಯೇ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಂಡಿತ ಜೆಬ್ ಈ ಸಾಲಿನಲ್ಲಿ ‘ಅದ್ಭುತಗಳು ಬಹಳ’ ಎಂಬರ್ಥದ ಮಾತು ಹಾಕಿದ. ಆಮೇಲೆ ಬಂದ ಎಷ್ಟೋ ಅನುವಾದಗಳು ಅದೇ ದಾರಿ ಹಿಡಿದವು. ಶಾಲೆಯ ಗೋಡೆಯ ಮೇಲೆ ಬರೆಯಬಹುದು, ಅಷ್ಟು ಚೆನ್ನಾಗಿದೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕಾರಣ ಎರಡು.

ಅಥೆನ್ಸಿನ ಪ್ರೇಕ್ಷಕರು ಇಂಥ ಸಾಲನ್ನು ಮೊದಲೇ ಕೇಳಿದ್ದರು. ಕ್ರಿ.ಪೂ. 458ರಲ್ಲಿ ಹಿರಿಯ ನಾಟಕಕಾರ ಎಸ್ಕಿಲಸ್‌ನ ಮೇಳ ಹಾಡಿತ್ತು, ಭೂಮಿ ದೆಯ್ನಾ ಆದ ಎಷ್ಟೋ ಭಯಗಳನ್ನು ಸಾಕುತ್ತದೆ ಎಂದು. ಅಲ್ಲಿ ಯಾವ ಅದ್ಭುತವೂ ಇಲ್ಲ, ಶುದ್ಧ ಹೆದರಿಕೆ. ಗಂಡನನ್ನು ಕೊಂದ ಹೆಂಗಸಿನ ಸುತ್ತಲಿನ ಹಾಡು ಅದು. ಸೊಫೊಕ್ಲೀಸ್ ‘ಪೊಲ್ಲಾ ತಾ ದೆಯ್ನಾ’ ಎಂದಾಗ ಹಳಬರ ಕಿವಿಯಲ್ಲಿ ಅದು ಗುಂಯ್ ಎಂದಿರಬೇಕು.

ಎರಡನೆಯದು ಇನ್ನೂ ಮುಖ್ಯ. ಈ ನಾಟಕದಲ್ಲಿ ದೆಯ್ನೊಸ್ ಈ ಹಾಡಿನಲ್ಲಿ ಮಾತ್ರ ಬರುವುದಲ್ಲ. ನಾನು ಒಂದು ಮಳೆಗಾಲ ಪೂರ್ತಿ ಅದನ್ನು ಹುಡುಕಿ ಹುಡುಕಿ ಗೆರೆ ಎಳೆದೆ. ಶುರುವಿನಲ್ಲೇ ಆಂಟಿಗೊನೆ ತನ್ನ ತಂಗಿಗೆ, ನನ್ನ ಹುಚ್ಚುತನದ ಜೊತೆ ನನ್ನನ್ನು ಬಿಡು, ಈ ದೆಯ್ನೊನ್ ಅನ್ನು ನಾನು ಅನುಭವಿಸುತ್ತೇನೆ ಎನ್ನುತ್ತಾಳೆ. ಕಾವಲುಗಾರ ಸುದ್ದಿ ಹೇಳಲು ತಡವರಿಸುತ್ತಾ, ದೆಯ್ನಾ ಸುದ್ದಿ ಬಾಯಿಗೆ ಬೇಗ ಬರುವುದಿಲ್ಲ ಎನ್ನುತ್ತಾನೆ. ಕ್ರೆಯೊನ್‌ನ ಮಗ ಹೈಮೊನ್ ಅಪ್ಪನಿಗೆ ಹೇಳುವ ಮಾತು ನೋಡಿ: ಅಪ್ಪಾ, ನಿಮ್ಮ ಕಣ್ಣು ಸಾಮಾನ್ಯ ಜನಕ್ಕೆ ದೆಯ್ನೊನ್, ನಿಮಗೆ ಹಿಡಿಸದ ಮಾತನ್ನು ಅವರು ಎದುರಿಗೆ ಆಡುವುದಿಲ್ಲ. ಆಂಟಿಗೊನೆಯನ್ನು ಕಲ್ಲುಗುಹೆಗೆ ಕರೆದೊಯ್ದ ಮೇಲೆ ಮೇಳ, ವಿಧಿಯ ಬಲ ದೆಯ್ನಾ, ಹಣಕ್ಕೂ ಕೋಟೆಗೂ ಹಡಗಿಗೂ ಅದರಿಂದ ತಪ್ಪಿಸಿಕೊಳ್ಳಲಾಗದು ಎಂದು ಹಾಡುತ್ತದೆ. ಕ್ರೆಯೊನ್ ಮುದಿ ಜ್ಯೋತಿಷಿ ತೈರೇಸಿಯಸ್‌ಗೆ, ಎಷ್ಟೇ ದೆಯ್ನೊಸ್ ಆದವರೂ ದುಡ್ಡಿಗಾಗಿ ಕೆಟ್ಟ ಮಾತನ್ನು ಚೆಂದ ಮಾಡಿ ಹೇಳಿದರೆ ಮುಗ್ಗರಿಸಿ ಬೀಳುತ್ತಾರೆ ಎಂದು ಚುಚ್ಚುತ್ತಾನೆ. ಅಲ್ಲಿ ಅರ್ಥ ಜಾಣ. ಸ್ವಲ್ಪ ಹೊತ್ತಿನಲ್ಲೇ ಅದೇ ಕ್ರೆಯೊನ್ ಬೆವರುತ್ತಾ ಹೇಳುತ್ತಾನೆ: ಸೋತು ಬಗ್ಗುವುದು ದೆಯ್ನೊನ್, ಎದುರು ನಿಂತು ನಾಶವಾಗುವುದೂ ದೆಯ್ನೊನ್.

ಎಲ್ಲ ಕಡೆ ಕಪ್ಪು ದಾರ ಓಡಿರುವ ಬಟ್ಟೆಯಲ್ಲಿ ಒಂದು ಕಡೆ ಮಾತ್ರ ಅದನ್ನು ಚಿನ್ನದ ದಾರ ಎನ್ನುವುದು ಹೇಗೆ?

ಹಾಡು ಮುಗಿಯುವುದೂ ಜಯಕಾರದಲ್ಲಲ್ಲ. ಈ ಜಾಣತನ ಒಮ್ಮೆ ಕೆಡುಕಿನ ಕಡೆ, ಒಮ್ಮೆ ಒಳಿತಿನ ಕಡೆ ಹೊರಳುತ್ತದೆ, ಕೆಡುಕಿನವನು ನನ್ನ ಒಲೆಯ ಪಕ್ಕ ಕೂರದಿರಲಿ ಎನ್ನುತ್ತಾರೆ. ಆ ಮಾತು ಮುಗಿಯುವಷ್ಟರಲ್ಲಿ ಕಾವಲುಗಾರ ಆಂಟಿಗೊನೆಯನ್ನು ಹಿಡಿದು ತರುತ್ತಾನೆ. ಮುದುಕರ ಬಾಯಿಂದ ಬರುವ ಮಾತು: ಈ ವಿಚಿತ್ರ ಕಂಡು ‘ಆಂಫಿನೊಓ’. ಅಂದರೆ, ನನ್ನ ಮನಸ್ಸು ಎರಡೂ ಕಡೆ ಹೋಗುತ್ತಿದೆ. ಕಿಸೆಯಲ್ಲಿ ಇಟ್ಟುಕೊಳ್ಳಿ ಎಂದಿದ್ದೆನಲ್ಲ, ಅದನ್ನು ಈಗ ತೆಗೆಯಿರಿ. ಪದದ ಬೇರಿನಲ್ಲಿ ಎರಡು ಇದೆಯೋ ಇಲ್ಲವೋ, ಸೊಫೊಕ್ಲೀಸ್ ಅದನ್ನು ವೇದಿಕೆಯ ಮೇಲೆ ತಂದು ನಿಲ್ಲಿಸಿದ್ದಾನೆ. ಮನುಷ್ಯ ದೆಯ್ನೊಸ್ ಎಂದು ಹಾಡಿದವರು ಈಗ ಕಣ್ಣೆದುರಿಗೆ ಒಬ್ಬ ಹುಡುಗಿಯನ್ನು ಕಂಡು, ಇವಳನ್ನು ಮೆಚ್ಚಬೇಕೋ ಹೆದರಬೇಕೋ ತಿಳಿಯದೆ ನಿಂತಿದ್ದಾರೆ.

ಜರ್ಮನರು ಇದನ್ನು ಬೇಗ ಹಿಡಿದರು. ಕವಿ ಹೋಲ್ಡರ್ಲಿನ್ 1804ರ ಅನುವಾದದಲ್ಲಿ ರಾಕ್ಷಸಾಕಾರದ್ದು, ಎಣೆಯಿಲ್ಲದ್ದು ಎರಡೂ ಆಗುವ ಒಂದು ಪದ ಹಾಕಿದ. ಮೊದಲಿನ ಒಂದು ಪ್ರಯತ್ನದಲ್ಲಿ ಬರೀ ‘ಬಲವಾದದ್ದು’ ಎಂದು ಬರೆದಿದ್ದನ್ನು ತಾನೇ ಬಿಟ್ಟ. ದಾರ್ಶನಿಕ ಹೈಡೆಗರ್ 1935ರ ಉಪನ್ಯಾಸಗಳಲ್ಲಿ ಇನ್ನೂ ದೂರ ಹೋಗಿ, ಮನೆಯೊಳಗಿದ್ದೂ ಮನೆಯವನಲ್ಲದವನು ಎಂಬ ಅರ್ಥ ತೆಗೆದ. ಅವನು ಗ್ರೀಕ್ ಪದಗಳನ್ನು ಹಿಂಡುವ ರೀತಿ ನನಗೆ ಕೆಲವು ಸಲ ಜಾಸ್ತಿಯಾಯಿತು ಎನಿಸುತ್ತದೆ. ಆದರೂ ಆ ಸಾಲನ್ನು ಸಿಹಿ ಮಾಡಲು ಬಿಡಲಿಲ್ಲವಲ್ಲ, ಅದು ದೊಡ್ಡದು.

ಕನ್ನಡಕ್ಕೂ ಸೊಫೊಕ್ಲೀಸನಿಗೂ ಹಳೆಯ ನಂಟಿದೆ. ಬಿ.ಎಂ.ಶ್ರೀ. ಅವರು ಅವನ ‘ಏಜಾಕ್ಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದರು. ಎಂಥ ಆಯ್ಕೆ! ಏಜಾಕ್ಸ್ ದೊಡ್ಡ ವೀರ. ತನಗೆ ಸಿಗಬೇಕಾದ ಆಯುಧ ಸಿಗಲಿಲ್ಲವೆಂದು ಸಿಟ್ಟಾದವನು, ಹುಚ್ಚು ಹಿಡಿದು ರಾತ್ರಿಯಲ್ಲಿ ಶತ್ರುಗಳೆಂದುಕೊಂಡು ದನಕುರಿಗಳನ್ನು ಕಡಿದವನು. ಅವನ ಹೆಂಡತಿ ಹೊರಗೆ ಬಂದು, ಆ ದೆಯ್ನೊಸ್, ದೊಡ್ಡ, ಒರಟು ಬಲದ ಏಜಾಕ್ಸ್ ಈಗ ಬಿರುಗಾಳಿ ಬಡಿದವನಂತೆ ಬಿದ್ದಿದ್ದಾನೆ ಎನ್ನುತ್ತಾಳೆ. ಆಮೇಲೆ ಸಾಯಲು ನಿರ್ಧರಿಸಿದ ಏಜಾಕ್ಸ್ ಒಂದು ಮಾತಾಡುತ್ತಾನೆ. ದೆಯ್ನಾ ಆದವೂ ತಲೆ ಬಾಗುತ್ತವೆ. ಹಿಮದ ಚಳಿಗಾಲ ಫಲದ ಬೇಸಿಗೆಗೆ ದಾರಿ ಬಿಡುತ್ತದೆ. ಇರುಳು ಹಗಲಿಗೆ ಜಾಗ ಕೊಡುತ್ತದೆ. ದೆಯ್ನೊಸ್ ಗಾಳಿಯ ಬೀಸು ನರಳುವ ಕಡಲನ್ನು ಮಲಗಲು ಬಿಡುತ್ತದೆ. ನಾವೂ ಕಲಿಯಬಾರದೇ? ಕೇಳುವವರಿಗೆ ಇವನು ಬದಲಾದ ಎನ್ನಿಸುತ್ತದೆ. ಅವನು ಕತ್ತಿ ಹಿಡಿದು ಕಡಲ ದಡಕ್ಕೆ ಹೋಗುತ್ತಾನೆ. ಭೀಮ, ಭೀಷ್ಮರ ನಡುವೆ ಬೆಳೆದ, ರಾತ್ರಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮನನ್ನು ಈ ಜಾಗಕ್ಕೆ ತಂದು ನಿಲ್ಲಿಸಿದ ಬಿ.ಎಂ.ಶ್ರೀ. ಅವರಿಗೆ ದೆಯ್ನೊಸ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ ಎಂದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ, ಆರೋ ಏಳನೆಯ ಕ್ಲಾಸಿನವಳಿರಬೇಕು, ಡೈನೋಸಾರ್‌ಗೂ ಇದಕ್ಕೂ ಸಂಬಂಧ ಇದೆಯೇ ಎಂದು ಕೇಳಿದಳು.